ಇಲ್ಲವೆನ್ನದ ಪವರ್ ಸಪ್ಲೈ

ವಾರಿಜಮ್ಮನವರ ಕಂಪ್ಯೂಟರಿನಲ್ಲಿದ್ದ ಪವರ್ ಸಪ್ಲೈಗೆ, ಯಾರು ಎಷ್ಟು ಕರೆಂಟ್ ಕೇಳಿದರೂ ‘ಆಯ್ತು, ತಗೊಳ್ಳಿ’ ಎನ್ನುವ ಅಭ್ಯಾಸ. ಅವರು ಆಡುವ ಆಟದ ಚಿತ್ರ ಮೂಡಿಸಲು ಹೊಸದಾಗಿ ಬಂದ ಗ್ರಾಫಿಕ್ಸ್ ಕಾರ್ಡಿಗೂ ಹಾಗೆಯೇ ಮಾತು ಕೊಟ್ಟಿತು. ಆಟ ರಂಗೇರಿದಾಗಲೆಲ್ಲ ಕಂಪ್ಯೂಟರ್ ತಟ್ಟನೆ ನಿಂತು ಪರದೆ ಕಪ್ಪಾಗುತ್ತಿತ್ತು. ‘ಈ ಮಾನಿಟರೇ ಹಾಳು, ಗುಜರಿಗೆ ಹಾಕ್ತೀನಿ’ ಎಂದರು ವಾರಿಜಮ್ಮ.

ಮಾನಿಟರ್ ಕೇಳಿತು: ‘ಪವರಣ್ಣ, ನಿನ್ನ ಹತ್ತಿರ ಅಷ್ಟು ಸರಕು ಇದೆಯೇನಯ್ಯ?’

‘ಇಲ್ಲ. ಹೊಸ ಗಿರಾಕಿ, ಇಲ್ಲವೆನ್ನಲು ನಾಚಿಕೆಯಾಯಿತು.’

‘ನಿನ್ನ ನಾಚಿಕೆಗೆ ನಾನು ಗುಜರಿಗೆ ಹೋಗಬೇಕೋ?’

ಪವರ್ ಸಪ್ಲೈ ಕಾರ್ಡಿನತ್ತ ತಿರುಗಿತು: ‘ಸ್ವಾಮಿ, ನೀವು ಕೇಳಿದಷ್ಟು ನನ್ನಿಂದ ಆಗಲ್ಲ.’

‘ಮೊದಲೇ ಹೇಳಬಾರದಿತ್ತೇ? ಕಡಿಮೆಯಲ್ಲೂ ಆಡಿಸುತ್ತೇನೆ’ ಎಂದು ಕಾರ್ಡ್ ನಕ್ಕಿತು.

ಅಂದು ಪರದೆ ಬೆಳಗುತ್ತಲೇ ಇತ್ತು. ಗುಜರಿಯವನು ಬಾಗಿಲಿಗೆ ಬಂದು ಕೂಗಿದಾಗ ವಾರಿಜಮ್ಮ ಆಟದಿಂದ ಕಣ್ಣು ತೆಗೆಯದೆ, ‘ಏನೂ ಇಲ್ಲಪ್ಪ, ಮುಂದೆ ಹೋಗು’ ಎಂದರು.