ನಗಾರಿ ಕೇಳಿದಷ್ಟು ದೂರ ರಾಜ್ಯ

"ನನ್ನ ನಗಾರಿಯ ಸದ್ದಿಗೆ ಆ ಕೊಂಡಗೂರಿನ ದೊರೆ ಮಂಚದಿಂದ ಕೆಳಗೆ ಬೀಳಬೇಕು!" ಅಂತ ಹಿರೇಗುಡ್ಡದ ರಾಜ ಉದ್ದಂಡರಾಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಎಲ್ಲರೂ ಹೌದು ಹೌದು ಅಂದರು. ಆಸ್ಥಾನದ ವಿದೂಷಕ ಚನ್ನಿಗಪ್ಪನೂ ಅಂದ. ಆದರೆ ಅವನ ಕಿವಿಯಲ್ಲಿ ಎರಡು ಉಂಡೆ ಹತ್ತಿ ಇತ್ತು. ಏನು ಕೇಳಿಸಿಕೊಂಡು ಹೌದು ಅಂದನೋ ದೇವರಿಗೇ ಗೊತ್ತು.

ಆ ಸೀಮೆಯ ರಿವಾಜೇ ವಿಚಿತ್ರ ನೋಡಿ. ಗಡಿಗೆ ಕಲ್ಲಿಲ್ಲ, ಬೇಲಿಯಿಲ್ಲ. ಬೆಳಗಾಗೆದ್ದು ಬಾರಿಸಿದ ಅರಮನೆ ನಗಾರಿ ಎಲ್ಲಿತನಕ ಕೇಳುತ್ತದೋ ಅಲ್ಲಿತನಕ ರಾಜ್ಯ. ಪಕ್ಕದ ಕೊಂಡಗೂರಿನಲ್ಲೂ ಅದೇ ರಿವಾಜು. ಇವರು ಆಳೆತ್ತರದ ನಗಾರಿ ಮಾಡಿಸಿದರೆ ಅವರು ಮನೆಯೆತ್ತರದ್ದು ಮಾಡಿಸಿದರು. ಕೊನೆಗೆ ಕೊಂಡಗೂರಿನ ನಗಾರಿ ಉದ್ದಂಡರಾಯನ ಮಲಗುವ ಕೋಣೆಗೇ ಕೇಳತೊಡಗಿತು, ಇವನದು ಆ ದೊರೆಯ ಕೋಣೆಗೆ. ರಿವಾಜಿನ ಪ್ರಕಾರ ಅವನು ಮಲಗಿದ್ದು ಶತ್ರುವಿನ ರಾಜ್ಯದಲ್ಲಿ! ಆ ದೊರೆ ಮಲಗಿದ್ದು ಇವನ ರಾಜ್ಯದಲ್ಲಿ! ದಂಡು ಕಟ್ಟದೆ ಇನ್ನೇನು ಮಾಡುತ್ತಾನೆ, ಪಾಪ?

ದಂಡು ಹೊರಡುವ ಮೊದಲು ಒಂದು ಮಾತು ಕೇಳೋಣ ಅಂತ, ಪರರಾಜ್ಯಗಳ ಶಾಸ್ತ್ರ ಓದಿದ್ದ ಮೂವರು ಪಂಡಿತರನ್ನು ಕರೆಸಿದ್ದ.

ಬಲಭಟ್ಟರು ತೊಡೆ ತಟ್ಟಿದರು. "ಪ್ರಭು, ರಾಜರ ಜಗಳ ಬಿಡಿಸೋಕೆ ಮೇಲೊಬ್ಬ ಯಜಮಾನ ಇಲ್ಲ. ಯಾರನ್ನೂ ನಂಬಬೇಡಿ. ಇನ್ನೂ ದೊಡ್ಡ ನಗಾರಿ ಮಾಡಿಸಿ."

"ಛೇ ಛೇ!" ಅಂದರು ಸ್ನೇಹಾಚಾರ್ಯರು. "ನಗಾರಿಗೆ ಚರ್ಮ ಅವರಿಂದ ಕೊಳ್ಳಿ, ಹಗ್ಗ ಅವರಿಗೆ ಮಾರಿ. ಒಂದು ಒಪ್ಪಂದ ಬರೆದುಕೊಳ್ಳಿ. ಒಬ್ಬರಿಗೊಬ್ಬರು ಬೇಕಾದ ಮೇಲೆ ಯುದ್ಧ ಯಾಕೆ ಬರುತ್ತೆ?"

ಭಾವಶಾಸ್ತ್ರಿಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸದ್ದು ಬರೀ ಸದ್ದು ಪ್ರಭು. ಶತ್ರುವಿನದು ಅಂದುಕೊಂಡರೆ ಯುದ್ಧ. ಮದುವೆಮನೆಯದು ಅಂದುಕೊಂಡರೆ ಮದುವೆ."

ಮೂವರೂ ಜುಟ್ಟು ಹಿಡಿದುಕೊಳ್ಳುವ ಮಟ್ಟಕ್ಕೆ ಬಂದರು. ರಾಜನಿಗೆ ತಲೆ ಕೆಟ್ಟುಹೋಯಿತು.

"ಚನ್ನಿಗಪ್ಪಾ! ಹತ್ತಿ ತೆಗೆದು ಕೇಳು. ಇವರಲ್ಲಿ ಯಾರ ಮಾತು ಸರಿ ಅಂತ ನಾಳೆ ಊಟದ ಹೊತ್ತಿನೊಳಗೆ ತೋರಿಸು. ಇಲ್ಲದಿದ್ದರೆ ದಂಡಿನ ಮುಂದೆ ನಗಾರಿ ಬೆನ್ನಿಗೆ ಕಟ್ಟಿಕೊಂಡು ನಡೆಯುವವನು ನೀನೇ."

ಹಿಂದಿನಿಂದ ಬಡಿತ, ಮುಂದಿನಿಂದ ಬಾಣ! ಚನ್ನಿಗಪ್ಪ ಮನೆಗೂ ಹೋಗದೆ ನೇರ ಅಗಸರ ಓಣಿಗೆ ನಡೆದ.

ಮರುದಿನ ಅರಮನೆಯ ಅಂಗಳದ ಗೋಡೆ ಪಕ್ಕ ಒಂದು ಕತ್ತೆ ಕಟ್ಟಿತ್ತು. ಕಿವಿ ಹರಿಯುವಂತೆ ಅರಚುತ್ತಿತ್ತು.

"ಪಂಡಿತರೇ, ಇದನ್ನು ಸುಮ್ಮನಾಗಿಸಿ" ಅಂದ ಚನ್ನಿಗಪ್ಪ. "ಹೊಡೆಯೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ. ಬರೀ ನಿಮ್ಮ ಶಾಸ್ತ್ರದಿಂದ."

ಬಲಭಟ್ಟರು ಮುನ್ನುಗ್ಗಿ ಕತ್ತೆಗಿಂತ ಜೋರಾಗಿ ಕೂಗಿದರು. ಕತ್ತೆ ಅವರಿಗಿಂತ ಜೋರಾಗಿ ಕೂಗಿತು. ಹತ್ತು ಸುತ್ತು ಆಗುವಷ್ಟರಲ್ಲಿ ಭಟ್ಟರ ಗಂಟಲು ಕಟ್ಟಿತು, ಕತ್ತೆಯದು ಇನ್ನೂ ತಿಳಿಯಾಯಿತು.

ಸ್ನೇಹಾಚಾರ್ಯರು ಒಂದು ಹಿಡಿ ಹುಲ್ಲಿಗೆ ಇಷ್ಟು ಹೊತ್ತು ಮೌನ ಅಂತ ಒಪ್ಪಂದ ಓದಿ ಹೇಳಿ ಹುಲ್ಲು ಕೊಟ್ಟರು. ತಿನ್ನುವ ತನಕ ಕತ್ತೆ ಗಪ್‌ಚಿಪ್. ಹುಲ್ಲು ಮುಗಿಯಿತು, ಮತ್ತೆ ಶುರು. ಹುಲ್ಲಿನ ಜೊತೆ ಆಚಾರ್ಯರ ಅಂಗವಸ್ತ್ರ, ಒಪ್ಪಂದದ ಓಲೆ ಎಲ್ಲವೂ ಹೋಯಿತು.

ಭಾವಶಾಸ್ತ್ರಿಗಳು "ಇದು ಕತ್ತೆಯಲ್ಲ, ಗಂಧರ್ವ" ಅಂತ ತಾಳ ಹಾಕುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅವರೂ ಕಿವಿ ಮುಚ್ಚಿಕೊಂಡು, "ಗಂಧರ್ವರೇ, ಕೊಂಚ ಮೆಲ್ಲಗೆ!" ಅಂತ ಅಂಗಲಾಚಿದರು.

"ಯಾರು ಗೆದ್ದರೋ?" ಅಂದ ರಾಜ.

"ಕತ್ತೆ, ಪ್ರಭು."

"ತಮಾಷೆ ಮಾಡ್ತೀಯಾ? ಯಾರಲ್ಲಿ! ನಗಾರಿ ತಂದು ಇವನ ಬೆನ್ನಿಗೆ ಕಟ್ಟಿ!"

"ಒಂದು ಗಳಿಗೆ ತಾಳಿ ಪ್ರಭು. ಗೋಡೆಯಾಚೆ ಒಮ್ಮೆ ಇಣುಕಿ ನೋಡಿ."

ರಾಜ ಇಣುಕಿದ. ಆಚೆ ಇನ್ನೊಂದು ಕತ್ತೆ!

"ಅದು ಕೂಗುತ್ತೆ ಅಂತ ಇದು, ಇದು ಕೂಗುತ್ತೆ ಅಂತ ಅದು" ಅಂದ ಚನ್ನಿಗಪ್ಪ. "ಪಂಡಿತರ ಶಾಸ್ತ್ರ ಸುಳ್ಳಲ್ಲ. ಆದರೆ ಮೂವರೂ ಒಂದೇ ಕತ್ತೆಗೆ ಬೋಧಿಸಿದರು. ಇರೋದು ಎರಡು."

ಎರಡು ಕತ್ತೆ ಯಾವುವು ಅಂತ ಎಲ್ಲರಿಗೂ ಅರ್ಥವಾಗಿತ್ತು, ರಾಜನಿಗೂ. ಅವನ ಕೈ ಕತ್ತಿಯ ಹಿಡಿಗೆ ಹೋಯಿತು.

"ಹಾಗಾದರೆ ಈ ಎರಡೂ ಸುಮ್ಮನಾಗೋದು ಹೇಗೆ? ಹೇಳು!"

"ಸುಲಭ ಪ್ರಭು. ಮೊದಲು ಯಾವುದು ಬಾಯಿ ಮುಚ್ಚುತ್ತೋ ಅದನ್ನು ಇವತ್ತಿನಿಂದ ಕುದುರೆ ಅಂತ ಕರೆಯೋಣ. ಇನ್ನೊಂದು ಕತ್ತೆಯಾಗೇ ಉಳಿಯುತ್ತೆ."

ರಾಜನ ಮೀಸೆ ಅದುರಿತು. ಕತ್ತಿ ಬಿಟ್ಟ ಕೈ ಹೊಟ್ಟೆ ಹಿಡಿದುಕೊಂಡಿತು. ನಕ್ಕು ನಕ್ಕು ಕಣ್ಣೀರು ಬಂತು. ಹೆಗಲ ಮೇಲಿದ್ದ ಜರತಾರಿ ಶಾಲು ತೆಗೆದು ಚನ್ನಿಗಪ್ಪನಿಗೆ ಹೊದಿಸಿದ. ಹೊದಿಸುತ್ತಿದ್ದವನು ಏನೋ ಹೊಳೆದು ಥಟ್ಟನೆ ನಿಂತ.

"ಯಾರೋ ಅಲ್ಲಿ! ನಾಳೆಯಿಂದ ನಗಾರಿ ಮುಟ್ಟಬೇಡಿ! ಈ ಸುದ್ದಿ ಆ ಕೊಂಡಗೂರಿನವನ ಕಿವಿಗೆ ಬೀಳೋ ಮೊದಲೇ ನಾನು ಕುದುರೆ ಆಗಿಬಿಡಬೇಕು!"