ಬಳೆಚೂರಿನ ಗೋಡೆ

"ಬುದ್ಧಿ, ಇಡೀ ಊರಲ್ಲಿ ಯಾರೂ ಬಳೀದೇ ಇರೋ ಬಣ್ಣ ಯಾವ್ದಿದೆ? ನನ್ನ ಮನೆ ಗೋಡೆಗೆ ಅದನ್ನೇ ಬಳೀಬೇಕು," ಅಂತ ಓಬಯ್ಯ ಗುರುಗಳನ್ನ ಕೇಳ್ದ.

ಓಬಯ್ಯ ಮಗ್ಗ ನೇಯೋನು, ಮಠದ ಹಳೇ ಶಿಷ್ಯ. ಗುರುಗಳು ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸ್ತಿದ್ರು.

"ಈಗಿರೋ ಬಣ್ಣಕ್ಕೆ ಏನಾಗಿದ್ಯೋ?"

"ಏನೂ ಆಗಿಲ್ಲ ಬುದ್ಧಿ. ಸುಣ್ಣಕ್ಕೆ ನೀಲಿ ಕಲಸಿ ಹೊಡೆದಿದ್ದೆ, ಚೆನ್ನಾಗೇ ಇತ್ತು. ಮೊದಲು ಎಲ್ಲಾರೂ ನಕ್ರು. ಈಗ ನೋಡಿದ್ರೆ ಎದುರುಮನೆಯವನೂ ನೀಲಿ, ಮೂಲೆಮನೆಯವನೂ ನೀಲಿ. ನನ್ನ ಷಡ್ಡಕ ದನದ ಕೊಟ್ಟಿಗೆಗೂ ನೀಲಿ ಹೊಡೆದವನೆ. ಬೀದೀಲಿ ಕಾಲಿಟ್ರೆ ಹೊಟ್ಟೆಗೆ ಕೆಂಡ ಸುರಿದ ಹಾಗಾಗುತ್ತೆ. ನಾಳೆನೇ ಕೆರೆದು ಹಾಕ್ತೀನಿ."

"ಕೆರೆಯೋದು ನಾಳೆ ತಾನೆ? ಈಗ ಕೂತ್ಕೋ," ಅಂದ್ರು ಗುರುಗಳು. ಅಡಿಕೆ ಬಾಯಿಗೆ ಹಾಕ್ಕೊಂಡು ಕತೆ ಶುರು ಮಾಡಿದ್ರು.

ಒಬ್ಬ ಬಳೆಗಾರ ಇದ್ದ. ಸಂತೆ ಸಂತೆ ತಿರುಗಿ ಬಳೆ ತೊಡಿಸೋನು. ತಿರುಗೋವಾಗ ಗಂಟಿನೊಳಗೆ ಒಂದಷ್ಟು ಬಳೆ ಒಡೀತವೆ. ಒಡೆದ ಚೂರನ್ನ ಬೇರೆಯವರು ಬೇಲಿ ಆಚೆ ಬಿಸಾಕ್ತಾರೆ. ಇವನಿಗೆ ಮನಸ್ಸು ಬರ್ತಿರಲಿಲ್ಲ, ಮನೆಗೆ ತರ್ತಿದ್ದ. ಒಂದು ವರ್ಷ ಪಡಸಾಲೆ ಗೋಡೆಗೆ ಹೊಸ ಮಣ್ಣು ಮೆತ್ತಿದಾಗ, ಮಣ್ಣು ಹಸಿ ಇರೋವಾಗ್ಲೇ ಆ ಚೂರನ್ನೆಲ್ಲ ಒಂದೊಂದಾಗಿ ಒತ್ತಿದ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಚೂರು. ಮನೆ ಪಡುವಣ ಮುಖ. ಸಂಜೆ ಬಿಸಿಲು ಬಾಗಿಲಲ್ಲಿ ನುಗ್ಗಿ ಆ ಗೋಡೆ ಮೇಲೆ ಬಿದ್ರೆ, ಹೊಲಕ್ಕೆ ಹೊರಟ ನವಿಲು ಬಂದು ಇಣುಕಿ ನೋಡಿ, ಆಮೇಲೆ ತನ್ನ ಗರಿ ನೋಡ್ಕೊಂಡು, ತಲೆ ತಗ್ಗಿಸಿ ಹೋಗ್ತಿತ್ತು.

ಅವನ ಹೆಂಡ್ತಿ ಚೆನ್ನಾಜಿ ದಿನಾ ಸಂಜೆ ಆ ಗೋಡೆ ಮುಂದೆ ಕೂತು ಅಕ್ಕಿ ಆರಿಸೋಳು. ಮೊರದ ಅಕ್ಕಿ ಮೇಲೆ ಹಸಿರು ಕೆಂಪು ಓಡಾಡೋದು. ಬಳೆಗಾರ ಪಕ್ಕದಲ್ಲಿ ಕೂತು ಸುಮ್ನೆ ನೋಡೋನು. ಗಂಡ ಹೆಂಡ್ತಿಗೆ ಇದ್ದ ಸುಖ ಅಂದ್ರೆ ಅಷ್ಟೇ.

ಬೀದಿಯೋರು ಬಿಡ್ತಾರಾ? ಪಕ್ಕದ ಮನೆ ಜವಳಿ ಸೆಟ್ಟಿ ಬಂದು ಉಗಿದ. "ಒಡೆದ ಬಳೆ ಯಾರಾದ್ರೂ ಮನೇಲಿಟ್ಕೋತಾರೇನೋ? ಮುತ್ತೈದೆ ಇರೋ ಮನೆ. ಅನಿಷ್ಟ!"

"ನಿಮ್ಮ ಅಂಗಡಿ ತುಂಡುಬಟ್ಟೆ ಕೌದಿ ಆಗ್ಬಹುದು, ನಮ್ಮ ಬಳೆಚೂರು ಗೋಡೆ ಆಗ್ಬಾರ್ದಾ ಸೆಟ್ರೇ?" ಅಂದ್ಲು ಚೆನ್ನಾಜಿ, ಮೊರದಿಂದ ತಲೆ ಎತ್ತದೇನೇ.

ಹಿಂಗಿರೋವಾಗ ಒಂದಿನ ಪಾಳೇಗಾರನ ರಾಣಿ ಆ ಬೀದೀಲಿ ಪಲ್ಲಕ್ಕಿ ಮೇಲೆ ಬಂದ್ಲು. ಸಂಜೆ ಹೊತ್ತು. ಗೋಡೆ ಹೊಳಪು ಕಂಡು, ಮನೆಗೆ ಬೆಂಕಿ ಬಿದ್ದಿದೆ ಅಂತ ಪಲ್ಲಕ್ಕಿ ಹೊತ್ತವರು ಅದನ್ನ ಅಲ್ಲೇ ಇಳಿಸಿ ನೀರಿಗೆ ಓಡಿದ್ರು. ರಾಣಿ ಇಳಿದು ಒಳಗೆ ಬಂದ್ಲು. ಕೂತು ನೋಡಿದ್ಲು. "ನಮ್ಮ ಅರಮನೇಲೂ ಹಿಂಗಿಲ್ಲ ಕಣಮ್ಮ" ಅಂದು ಹೋದ್ಲು.

ಆವತ್ತು ಸೆಟ್ಟಿ ಉಣ್ಣೋಕೆ ಕೂತೋನು ಎಲೆ ತಳ್ಳಿ ಹೆಂಡ್ತಿ ಹತ್ರ ಕೂಗಾಡ್ದ. "ಕಂಬ ಕಂಬಕ್ಕೂ ಗಿಳಿ ಕೆತ್ತಿಸಿದ್ದೀನಿ. ನನ್ನ ಮನೆ ಕಡೆ ಕತ್ತೂ ತಿರುಗಿಸ್ಲಿಲ್ಲ. ಬಳೆ ಚೂರಿಗೆ ಇಳಿದು ಹೋದ್ಲು!" ಬೆಳಗಾಗ್ತಿದ್ದ ಹಾಗೆ ಹೆಂಡ್ತಿ ಪೆಟ್ಟಿಗೇಲಿದ್ದ ಬಳೆಯೆಲ್ಲ ತೆಗೆಸಿ, ಒಡೆಸಿ, ತನ್ನ ಪಡಸಾಲೆ ಗೋಡೆಗೆ ಒತ್ತಿಸ್ದ.

"ಅನಿಷ್ಟ ಅಂದಿದ್ರಿ?" ಅಂದ್ಲು ಅವಳು.

"ರಾಣಿ ಕಣ್ಣು ಬಿದ್ದ ಮೇಲೆ ಅನಿಷ್ಟ ಎಲ್ಲಿರುತ್ತೇ?"

ಸೆಟ್ಟೀನ ನೋಡಿ ಬೀದಿಯೋರೂ ಶುರು ಮಾಡಿದ್ರು. ಒಡೆದ ಬಳೆ ಸಿಗದೋರು ಹೊಸ ಬಳೆ ಕೊಂಡು ಒಡೆದ್ರು, ಅದನ್ನೂ ಬಳೆಗಾರನ ಹತ್ರಾನೇ ಕೊಂಡ್ರು. ಊರ ಹೆಂಗಸರ ಕೈಯೆಲ್ಲ ಬರಿದು, ಗೋಡೆಗೆಲ್ಲ ಬಳೆ.

ವ್ಯಾಪಾರ ಆಯ್ತಲ್ಲ, ಬಳೆಗಾರ ಖುಷಿ ಪಡಬೇಕಿತ್ತು. ಪಡ್ಲಿಲ್ಲ. ಸಂಜೆ ಕೂತ್ರೆ ತನ್ನ ಗೋಡೆ ನೋಡೋದು ಬಿಟ್ಟು, ಬಾಗಿಲಲ್ಲಿ ಕತ್ತು ಚಾಚಿ ಬೀದಿ ನೋಡೋನು. ಯಾರ ಮನೆ ಜಾಸ್ತಿ ಹೊಳೀತಿದೆ, ಯಾರ ಮನೆ ಮುಂದೆ ಜನ ನಿಂತಿದಾರೆ. ಅವನ ಹೊಟ್ಟೆಕಿಚ್ಚು ಎಷ್ಟಿತ್ತು ಅಂದ್ರೆ ಚೆನ್ನಾಜಿ ಸೌದೆ ತರೋದೇ ಬಿಟ್ಲು. ಗಂಡನ ಹೊಟ್ಟೆ ಮೇಲೆ ಮಡಕೆ ಇಟ್ಟು ಮುದ್ದೆಗೆ ಎಸರು ಕಾಯಿಸ್ತಿದ್ಲು.

"ಬುದ್ಧೀ!" ಅಂದ ಓಬಯ್ಯ.

"ಸುಮ್ನಿರೋ. ಆ ಮುದ್ದೆ ನಾನುಂಡಿದ್ದೀನಿ. ಒಂಚೂರು ಸೀದಿತ್ತು."

ಒಂದಿನ ಬಳೆಗಾರ ಉಳಿ ತಗೊಂಡು ಗೋಡೆ ಕೆರೆಯೋಕೆ ನಿಂತ.

"ಯಾರ ಮೇಲಿನ ಸಿಟ್ಟಿಗೆ ಯಾರ ಗೋಡೆ ಕೆರೀತೀರಿ?" ಅಂತ ಚೆನ್ನಾಜಿ ಅಡ್ಡ ಬಂದ್ಲು.

"ಇದು ನಮ್ಮದಾಗಿ ಉಳಿದಿಲ್ಲ ಕಣೇ. ಬೀದೀದಾಗಿ ಹೋಯ್ತು."

"ಬಿಸಿಲೂ ಬೀದೀದೇ. ಅದನ್ನೂ ಕೆರೀತೀರಾ?"

ಅವನು ಕಿವಿಗೆ ಹಾಕ್ಕೊಳ್ಳಲಿಲ್ಲ. ಪೂರಾ ಕೆರೆದು ಮಸಿ ಬಳಿದ. ಮಸಿ ಅವನಿಗೆ ಇಷ್ಟ ಅಂತಲ್ಲ. ಬೇರೆ ಯಾರ ಮನೇಲೂ ಇರಲಿಲ್ಲ, ಅದಕ್ಕೆ.

"ಮೊದಲನೇ ಸಲ ನಕ್ಕು ಹಿಂದೆ ಉಳಿದ್ವಿ. ಈ ಸಲ ತಡ ಮಾಡೋದು ಬೇಡ" ಅಂತ ಬೀದಿಯೋರೂ ಮಸಿ ಬಳಿದ್ರು. ಬಳೆಗಾರ ಉರಿದುಬಿದ್ದ. ಮುಂಬಾಗಿಲು ಮುಚ್ಚಿಸಿ ಹಿತ್ತಿಲ ಕಡೆ ಬಾಗಿಲು ಒಡೆಸಿದ. ಅವರೂ ಹಾಗೇ ಮಾಡಿದ್ರು. ಅದೇ ವಾರ ಆ ಬೀದಿಗೆ ಒಂದು ಗಂಡಿನ ದಿಬ್ಬಣ ಬಂತು. ಬೀದಿ ತುದೀಲಿ ನಿಂತು ನೋಡಿದ್ರು, ಬರೀ ಗೋಡೆ. "ಇದು ಊರಲ್ಲ, ಯಾವ್ದೋ ಕೋಟೆ ಇರ್ಬೇಕು" ಅಂತ ಮುಂದಿನ ಊರಿಗೆ ಹೋಗಿ ಅಲ್ಲೇ ಯಾರಿಗೋ ತಾಳಿ ಕಟ್ಟಿಸಿದ್ರು. ಈಗ ಆ ಮದುವೆಯ ಮೊಮ್ಮಕ್ಕಳೇ ನಮ್ಮ ಮಠಕ್ಕೆ ಬರ್ತಾರೆ.

ಸೆಟ್ಟಿ ಒಬ್ಬ ಮಾತ್ರ ಏನನ್ನೂ ಕೆರೀಲಿಲ್ಲ, ಮುಚ್ಚಲಿಲ್ಲ. ಕೇಳಿದವರಿಗೆ, "ಹೊಟ್ಟೆಕಿಚ್ಚಿಗೆ ಮಾಡಿಸಿದ್ದು ನಿಜ. ಆದ್ರೆ ಕೂತು ಕೂತು ರೂಢಿಯಾಯ್ತು. ಈಗ ಈ ಗೋಡೆ ನೋಡದೆ ಹಾಕ್ಕೊಂಡ್ರೆ ಎಲೆಅಡಿಕೆ ಸಪ್ಪೆ" ಅಂತಿದ್ದ.

ಬಳೆಗಾರನ ಮನೇಲಿ ಸಂಜೆ ಅನ್ನೋದೇ ಇಲ್ಲದಂಗಾಯ್ತು. ಮಸಿ ಗೋಡೆ, ಮೂಡಣ ಬಾಗಿಲು. ಅಕ್ಕಿ ಯಾವ್ದು ಕಲ್ಲು ಯಾವ್ದು ಚೆನ್ನಾಜಿಗೆ ಕಾಣಲಿಲ್ಲ. ಮೊರ ಎತ್ಕೊಂಡು ಸೆಟ್ಟಿ ಮನೆ ಪಡಸಾಲೆಗೆ ಹೋಗಿ ಅವನ ಹೆಂಡ್ತಿ ಜೊತೆ ಕೂತ್ಲು. ಮಾರನೇ ದಿನಾನೂ ಹೋದ್ಲು.

ಬಳೆಗಾರನಿಗೆ ತಡೀಲಿಲ್ಲ. ಗೋಡೆ ಕದ್ದವನ ಮನೇಲಿ ನನ್ನ ಹೆಂಡ್ತಿ ಕೂರೋದಾ? ಎಳ್ಕೊಂಡು ಬರ್ತೀನಿ ಅಂತ ಹೋದ. ಬಾಗಿಲಲ್ಲಿ ನಿಂತ. ಬಿಸಿಲು ಗೋಡೆ ಮೇಲೆ ಬಿದ್ದಿತ್ತು. ಚೆನ್ನಾಜಿ ಮೊರದಲ್ಲಿ ಬಣ್ಣ ಓಡಾಡ್ತಿತ್ತು. ಬೈಯೋಕೆ ತೆಗೆದ ಬಾಯಿ ತೆಗೆದ ಹಾಗೇ ಇತ್ತು.

"ಬಾರಯ್ಯ, ಕೂತ್ಕೋ. ನಿನ್ನ ದೆಸೆಯಿಂದ ಆಗಿದ್ದು ಇದು," ಅಂತ ಸೆಟ್ಟಿ ಎಲೆಅಡಿಕೆ ತಟ್ಟೆ ತಳ್ಳಿದ. ಆ ಮಾತಿಗೆ ಬಳೆಗಾರನಿಗೆ ಇನ್ನೂ ಉರೀತು. ಆದ್ರೂ ಕೂತ.

ಆವತ್ತಿಂದ ದಿನಾ ಸಂಜೆ ಏನಾದ್ರೂ ನೆಪ ಮಾಡ್ಕೊಂಡು ಬರೋನು. ಸುಣ್ಣದ ಡಬ್ಬಿ ಇಲ್ಲೇ ಬಿಟ್ಟೆನಾ ಅನ್ನೋನು. ನಮ್ಮ ಬೆಕ್ಕು ಈ ಕಡೆ ಬಂತಾ ಅನ್ನೋನು. ಅವನ ಮನೇಲಿ ಬೆಕ್ಕೇ ಇರಲಿಲ್ಲ. ಬಂದೋನು ಕತ್ತಲಾಗೋ ತನಕ ಎದ್ದೇಳ್ತಿರಲಿಲ್ಲ.

ಒಂದಿನ ಮನೆಗೆ ವಾಪಸ್ ಬಂದ ಮೇಲೆ ಚೆನ್ನಾಜಿ ಹೇಳಿದ್ಲು. "ಕೆರೆದ ಚೂರು ಬುಟ್ಟೀಲಿ ಹಾಗೇ ಇಟ್ಟಿದ್ದೀನಿ. ಮಣ್ಣು ನಾನು ಕಲಸ್ತೀನಿ. ಬಾಗಿಲನ್ನ ಮತ್ತೆ ಮುಂದಕ್ಕೆ ಒಡೆಸಿ. ಬೇರೆಯವರ ಮನೇಲಿ ಯಾಕೆ, ನಮ್ಮನೇಲೇ ಕೂರೋಣ."

ಬಳೆಗಾರ ಬುಟ್ಟೀನ ಹತ್ರ ಎಳ್ಕೊಂಡ. ಒಂದು ಹಸಿರು ಚೂರು ಎತ್ಕೊಂಡ. ತುಂಬ ಹೊತ್ತು ಅದನ್ನ ಬೆರಳಲ್ಲೇ ಹಿಡ್ಕೊಂಡಿದ್ದ.

ಗುರುಗಳು ಇಷ್ಟು ಹೇಳಿ ಇನ್ನೊಂದು ಅಡಿಕೆಗೆ ಕೈ ಹಾಕಿದ್ರು.

"ಆಮೇಲೆ? ಗೋಡೆಗೆ ಒತ್ತಿದ್ನಾ ಬುದ್ಧಿ?" ಅಂದ ಓಬಯ್ಯ.

"ಹೆಂಗೆ ಒತ್ತುತಾನೋ? ಒತ್ತಿದ್ರೆ, ಸೆಟ್ಟಿ ಮನೆ ನೋಡಿ ಮಾಡ್ದ ಅಂತಾರಲ್ಲ!"