ಜಿಂಕೆ ಮುಂಗಾಲೆತ್ತಿ ನಿಲ್ಲುವುದೇಕೆ

ಭೂಮಿಯ ಮೇಲೆ ಹುಲ್ಲು ಹುಟ್ಟಿ ಮೂರನೆಯ ಮಳೆಗಾಲ ಮುಗಿದಾಗ ನಡೆದದ್ದು ಇದು.

ಆಗ ಜಿಂಕೆಗೆ ನಿಲ್ಲಲು ಬರುತ್ತಿರಲಿಲ್ಲ. ಬರೀ ಓಟ.

"ಏನೋ ಅಲುಗಿತು!" ಎಂದು ಕಣ್ಣು ಕೂಗಿದರೆ ಓಟ. "ಏನೋ ಸರಕ್ ಅಂತು!" ಎಂದು ಕಿವಿ ಕೂಗಿದರೆ ಓಟ. "ಏನೋ ವಾಸನೆ!" ಎಂದು ಮೂಗು ಕೂಗಿದರೆ ಮತ್ತೆ ಓಟ. ಹುಲ್ಲಿಗೆ ಬಾಯಿ ಹಾಕಲೂ ಬಿಡುವಿಲ್ಲ. ಮೇವಿಲ್ಲದೆ ಹಾಲಿಲ್ಲ. ಮರಿ ಸೊರಗಿತು.

"ಅಮ್ಮಾ, ಇವತ್ತಾದರೂ ನಿಲ್ಲುತ್ತೀಯಾ? ನನ್ನ ಕಾಲು ನಡುಗುತ್ತಿದೆ."

ಜಿಂಕೆ ತನ್ನ ತಲೆಯೊಳಗಿದ್ದ ಮಿದುಳಜ್ಜಿಯನ್ನು ಕೇಳಿತು. "ಏನು ಮಾಡಲಿ, ಅಜ್ಜಿ?"

ಅಜ್ಜಿ ಮೂವರನ್ನೂ ಕರೆದು ಗದರಿದಳು. "ಇನ್ನು ಕಾಲಿಗೆ ಕೂಗಬೇಡಿ. ನನಗೆ ಹೇಳಿ. ಮೂವರೂ ಹೇಳಿದರೆ ಮಾತ್ರ ಓಟ."

"ಈ ಕಿವಿಗೆ ಗಾಳಿಯೂ ಹುಲಿಯೇ," ಎಂದು ಕಣ್ಣು ಹಂಗಿಸಿತು.

"ನಿನಗೆ ತರಗೆಲೆಯೂ ಹುಲಿಯೇ," ಎಂದಿತು ಕಿವಿ.

ಏಳು ದಿನ ಜಿಂಕೆ ಮೇಯಿತು. ಹಾಲು ಬಂತು.

ಎಂಟನೆಯ ದಿನ ಗಾಳಿ ಜಿಂಕೆಯ ಬೆನ್ನ ಕಡೆಯಿಂದ ಎದುರಿನ ಹುತ್ತದ ಸುತ್ತಲ ಪೊದೆಯತ್ತ ಬೀಸುತ್ತಿತ್ತು.

"ಅಜ್ಜಿ, ಪೊದೆಯಲ್ಲಿ ಪಟ್ಟೆಯಂಥದೇನೋ. ಸರಿಯಾಗಿ ಕಾಣುತ್ತಿಲ್ಲ," ಎಂದಿತು ಕಣ್ಣು.

"ಕಡ್ಡಿ ಮುರಿದ ಹಾಗಾಯಿತು. ಸರಿಯಾಗಿ ಕೇಳಲಿಲ್ಲ," ಎಂದಿತು ಕಿವಿ.

"ಮೂಗೇ, ನೀನೇನಂತೀ?"

"ನನಗೇನೂ ಬಂದಿಲ್ಲ, ಅಜ್ಜಿ."

ಅಜ್ಜಿ ಕಾದಳು. ಜಿಂಕೆ ಒಂದು ಮುಂಗಾಲು ಎತ್ತಿತು. ಇಳಿಸಿತು. ಮತ್ತೆ ಎತ್ತಿತು. ಮರಿ ಪೊದೆಯ ಹತ್ತಿರವೇ ಇತ್ತು.

"ಗಾಳಿಯಣ್ಣಾ, ಅಲ್ಲಿನ ವಾಸನೆ ತಾ!" ಎಂದಿತು ಮೂಗು.

"ನಾನು ಅತ್ತ ಹೋಗುತ್ತಿದ್ದೇನೆ. ಅಲ್ಲಿಂದ ಹೇಗೆ ತರಲಿ?"

ಅಜ್ಜಿಗೆ ತನ್ನ ತಪ್ಪು ತಿಳಿಯಿತು. ಮೂಗು ಸುಮ್ಮನಿದೆ ಎಂದರೆ ಹುಲಿ ಇಲ್ಲ ಎಂದಲ್ಲ.

"ಕಣ್ಣೇ, ಎಲ್ಲಿ?"

"ಹುತ್ತದ ಎಡಕ್ಕೆ."

"ಕಿವಿಯೇ, ಎಲ್ಲಿ?"

"ಹುತ್ತದ ಎಡಕ್ಕೆ."

"ಯಾವಾಗ?"

"ಈಗ," ಎಂದವು ಎರಡೂ.

ಅರೆ ಕಂಡದ್ದು, ಅರೆ ಕೇಳಿದ್ದು. ಒಂದೇ ಜಾಗ, ಒಂದೇ ಗಳಿಗೆ. ಅಜ್ಜಿ ಎರಡನ್ನೂ ಕೂಡಿಸಿದಳು. ಪೂರ್ತಿ ಹುಲಿಯಾಯಿತು.

"ಓಡು!"

ಜಿಂಕೆ ಎತ್ತಿದ ಕಾಲನ್ನು ನೆಲಕ್ಕೆ ಅಪ್ಪಳಿಸಿ ಕೂಗಿತು. ಮರಿ ನೆಗೆಯಿತು. ಹುಲಿಯ ಉಗುರಿಗೆ ಮರಿಯ ಬಾಲದ ನಾಲ್ಕು ಕೂದಲು ಸಿಕ್ಕವು, ಅಷ್ಟೇ.

ಇವತ್ತಿಗೂ ಮೇಯುತ್ತಿರುವ ಜಿಂಕೆ ತಟ್ಟನೆ ತಲೆಯೆತ್ತಿ, ಕಿವಿ ತಿರುಗಿಸಿ, ಮೂಗು ಅರಳಿಸಿ, ಒಂದು ಮುಂಗಾಲೆತ್ತಿ ನಿಲ್ಲುವುದನ್ನು ನೀನು ನೋಡಿರುತ್ತೀಯ. ಆಗ ಅಜ್ಜಿ ಒಳಗೆ ಕೂಡಿಸುತ್ತಿರುತ್ತಾಳೆ. ಮೂರಕ್ಕೂ ಕಾಯುವುದಿಲ್ಲ. ಓಡಲು ಬೇಕಾದ ಅರೆಸಾಕ್ಷಿಗಳು ಎರಡು.